ರೈಲು ಹತ್ತದ ರೈಲುಪ್ರೇಮಿಗಳು

ಪ್ರೀತಿಯ ತಂಗಿ,

ಸುಖವಾಗಿ ಬಂದು ಸೇರಿದೆವು. ನಿನ್ನ ಭಾವ ವರ್ಷಗಟ್ಟಲೆ ಜಪ ಮಾಡುತ್ತಿದ್ದ ಬೆಟ್ಟದ ರೈಲು ಓಡುವುದು ಇಲ್ಲೇ. ಅವರ ರೈಲುಪ್ರೇಮಿಗಳ ಸಂಘವೇ ಬಂದಿಳಿದಿದೆ. ಒಬ್ಬರಿಗೆ ಅದರ ಹೊಗೆ ಇಷ್ಟ, ಇನ್ನೊಬ್ಬರಿಗೆ ತಿರುವಿನಲ್ಲಿ ಅದು ಹಾಕುವ ಕೂಗು. ನಿನ್ನ ಭಾವನಿಗೆ ಏರಿನಲ್ಲಿ ಅದು ಏದುಸಿರು ಬಿಡುವುದು. ಆದರೆ ರೈಲು ಹತ್ತಿದವಳು ನಾನೊಬ್ಬಳೇ.

“ಒಳಗೆ ಕೂತ್ರೆ ರೈಲು ಎಲ್ಲಿ ಕಾಣುತ್ತೆ? ಅದರ ಚಂದ ಏನಿದ್ರೂ ಹೊರಗಿಂದಾನೇ” ಎಂದು ಇವರು ಕ್ಯಾಮೆರಾ ಹಿಡಿದು ಬಯಲಿಗೆ ಓಡಿದರು. ಕಿಟಕಿಯಿಂದ ಕೈಬೀಸಿದರೆ, “ತಲೆ ಒಳಗೆ ಎಳ್ಕೊಳೇ, ಫೋಟೋ ಕೆಡುತ್ತೆ” ಎಂದು ಗದರಿದರು. ಟಿಕೆಟ್ ಕಲೆಕ್ಟರ್ ಕೂಡ ಪಾಪ, ಸೀಟಿನ ಮರೆಯಲ್ಲಿ ನನ್ನ ಜೊತೆ ಬಗ್ಗಿ ಕೂತೇ ಟಿಕೆಟ್ ನೋಡಿದರು.

ಹತ್ತುವವರಿಲ್ಲವೆಂದು ಈ ರೈಲನ್ನು ನಿಲ್ಲಿಸುತ್ತಾರಂತೆ. ಸುದ್ದಿ ಕೇಳಿ ಸಂಘದವರೆಲ್ಲ ಊಟ ಬಿಟ್ಟು ಅತ್ತರು. ದಿನಕ್ಕೊಬ್ಬರಾದರೂ ಹತ್ತಿದರೆ ಓಡಿಸಬಹುದೆಂದು ಸ್ಟೇಷನ್ ಮಾಸ್ತರರು ಹೇಳಿದ್ದೇ ತಡ, ನನ್ನನ್ನು ಇಲ್ಲೇ ಬಿಟ್ಟು ಹೋಗುವುದೆಂದು ಸಭೆ ಒಮ್ಮತದಿಂದ ತೀರ್ಮಾನಿಸಿತು. ನಿನ್ನ ಭಾವ ಒಪ್ಪಿಗೆಯೆಂದು ಎರಡೂ ಕೈ ಎತ್ತಿದರು.

ಆರೋಗ್ಯಕ್ಕೇನೂ ತೊಂದರೆಯಿಲ್ಲ, ಬಗ್ಗಿ ಕೂತು ಕತ್ತು ಹಿಡಿದುಕೊಂಡಿದೆ ಅಷ್ಟೆ. ನಿನ್ನ ಭಾವ ಭಾನುವಾರ ಊರಿಗೆ ಬರುತ್ತಾರೆ. ಮನೆಯ ಬೀಗದ ಕೈ ನನ್ನ ಚೀಲದಲ್ಲೇ ಇದೆ, ಅವರಿಗಿನ್ನೂ ಗೊತ್ತಿಲ್ಲ. ನಿನ್ನ ಹತ್ತಿರವಿರುವ ಇನ್ನೊಂದನ್ನು ಕೊಡಬೇಡ. ರೈಲು ಕೂಗುತ್ತಿದೆ, ಹೊರಟೆ. ಅವರು ಬಂದು ಬಾಗಿಲಲ್ಲಿ ನಿಂತರೆ, ಮನೆಯ ಚಂದವೂ ಹೊರಗಿಂದಲೇ ಎಂದು ಹೇಳು.

ನಿನ್ನ ಅಕ್ಕ