ಕರುವಿನ ಕಪ್ಪು ಕಿವಿ

ಮಂಗಳವಾರ, ಜೂನ್ ೧೧

ಪ್ರೀತಿಯ ತಂಗಿಗೆ,

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಕೂತದ್ದಕ್ಕೆ ಚೆನ್ನಾಗಿ ಬೈದುಕೋ. ಬೈಗುಳ ಮುಗಿದ ಮೇಲೆ ಮುಂದೆ ಓದು. ನಾವಿಲ್ಲಿ ಕ್ಷೇಮ. ನಾವಿಬ್ಬರೂ ಸೇರಿ ಮಾಡಿದ ಪುಸ್ತಕದ ಕರು ಮಾತ್ರ ಕ್ಷೇಮವಾಗಿಲ್ಲ.

ಮೊನ್ನೆ ಅಚ್ಚಿಗೆ ಹೋಗುವ ಮೊದಲಿನ ಪ್ರತಿ ಹಿಡಿದು ನಮ್ಮ ಬೀದಿಯ ಶಾಲೆಯ ಒಂದನೇ ತರಗತಿಗೆ ಹೋಗಿದ್ದೆ. ಪ್ರಕಾಶಕರೂ ಬಂದು, ಮಕ್ಕಳ ಪುಟ್ಟ ಬೆಂಚಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದರು. ನೀನು ಬರೆದ ಹಾಗೆಯೇ ಓದಿದೆ. ಕರು ಹಗ್ಗ ಕಿತ್ತುಕೊಂಡು ಓಡಿತು, ಒಣಹಾಕಿದ ಬಟ್ಟೆಗಳೊಳಗೆ ನುಗ್ಗಿ ಯಾರದೋ ಲಂಗ ತೊಟ್ಟುಕೊಂಡಿತು, ಬಾತುಕೋಳಿಗೆ ಹೆದರಿ ಕೆರೆಗೆ ಬಿತ್ತು. ಮಕ್ಕಳು ಬಿದ್ದು ಬಿದ್ದು ನಕ್ಕರು. ನಾನಂತೂ ಉಬ್ಬಿಹೋದೆ. ಕೊನೆಯ ಪುಟದಲ್ಲಿ ಕರು ಮನೆಗೆ ಬಂತು, ತಾಯಿ ಹಸು ಅದನ್ನು ನೆಕ್ಕಿತು. ಅಷ್ಟರಲ್ಲಿ ಮುಂದಿನ ಸಾಲಿನ ಹಲ್ಲುಬಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು.

"ಮಿಸ್, ಇದು ಆ ಕರು ಅಲ್ಲ. ಅದರದ್ದು ಈ ಕಿವಿ ಕಪ್ಪು. ಇದರದ್ದು ಆ ಕಿವಿ."

ನೋಡಿದರೆ, ಹೌದು ಕಣೆ! ನನ್ನ ಸೋಮಾರಿತನ ನಿನಗೆ ಗೊತ್ತಲ್ಲ. ಹೋಗುವ ಕರುವಿನ ಮುಖ ಬಲಕ್ಕೆ, ಬರುವ ಕರುವಿನದು ಎಡಕ್ಕೆ. ಇನ್ನೊಮ್ಮೆ ಯಾರು ಬರೆಯುತ್ತಾರೆಂದು, ಮೊದಲ ಪುಟದ ಚಿತ್ರವನ್ನೇ ಮಗುಚಿ ಕಿಟಕಿ ಗಾಜಿಗೆ ಅಂಟಿಸಿ, ಮೇಲೊಂದು ಹಾಳೆ ಇಟ್ಟು, ಬೆಳಕಿನಲ್ಲಿ ಕಂಡ ಗೆರೆಗಳ ಮೇಲೆ ಪೆನ್ಸಿಲ್ ಓಡಿಸಿದ್ದೆ. ಕರುವಿನ ಜೊತೆ ಕಿವಿಯೂ ಮಗುಚಿಕೊಂಡಿದೆ!

"ಹಾಗಾದ್ರೆ ನಿಜವಾದ ಕರು ಎಲ್ಲಿ?" ಎಂದು ಒಬ್ಬಳು, "ಕೆರೇಲೇ ಇದೆ!" ಎಂದು ಇನ್ನೊಬ್ಬಳು. ಹಿಂದಿನ ಸಾಲು ಪೂರ್ತಿ ಗೊಳೋ ಎಂದು ಅಳಲು ಶುರುಮಾಡಿತು. ಟೀಚರಮ್ಮ ಪಾಪ, "ನೀರಲ್ಲಿ ಬಣ್ಣ ತೊಳೆದುಹೋಗಿದೆ ಕಣ್ರೋ" ಎಂದರು. "ತೊಳೆದುಹೋಗ್ಲಿ, ಇನ್ನೊಂದು ಕಿವಿಗೆ ಹತ್ತಿದ್ದು ಹೇಗೆ?" ಎಂದು ಹಲ್ಲುಬಿದ್ದವಳು ಕೇಳಬೇಕೆ! ಆಮೇಲೆ ನನ್ನನ್ನೇ ದಿಟ್ಟಿಸಿ, "ಅದರಮ್ಮನಿಗೂ ಗೊತ್ತಾಗ್ಲಿಲ್ವಾ ಮಿಸ್?" ಎಂದಳು. ನಾನು ಪುಸ್ತಕ ಮುಚ್ಚಿ ಎದ್ದುಬಿಟ್ಟೆ.

ಹೊರಗೆ ಬಂದ ಪ್ರಕಾಶಕರು, "ಕಿವಿ ತಿದ್ದಿಬಿಡಿ ಮೇಡಂ, ಐದು ನಿಮಿಷದ ಕೆಲಸ" ಎಂದರು.

"ಬೇಡ, ಕಿವಿ ಹಾಗೇ ಇರ್ಲಿ. ನನ್ನ ತಂಗಿ ಇನ್ನೊಂದು ಪುಟ ಬರೀತಾಳೆ" ಎಂದುಬಿಟ್ಟೆ.

"ತಲೆ ನೆಟ್ಟಗಿದೆಯಾ ನಿಮಗೆ?" ಎಂದು ಕೂಗಾಡಿದರು. ಶನಿವಾರದೊಳಗೆ ಪುಟ ಬರದಿದ್ದರೆ ತಾವೇ ಕಿವಿಗೆ ಬಣ್ಣ ಬಳಿದು ಅಚ್ಚಿಗೆ ಕೊಡುತ್ತಾರಂತೆ. ಬಿಡಬೇಡ ಕಣೆ. ನಿಜವಾದ ಕರು ಮನೆ ಸೇರುವ ನಾಲ್ಕೇ ಸಾಲು ಸಾಕು.

ಹೊತ್ತು ಹೊತ್ತಿಗೆ ಊಟ ಮಾಡು. ಮಕ್ಕಳಿಗೆ ಮುತ್ತು, ನಿನ್ನ ಗಂಡನಿಗೆ ಆಶೀರ್ವಾದ, ಬೇಡವೆಂದರೂ ತಲುಪಿಸು. ನೂರು ಕಾಲ ನಗುನಗುತ್ತಾ ಬಾಳು.

ನಿನ್ನ ಅಕ್ಕ

ಮರೆತ ಮಾತು: ಅಮ್ಮ ಹೇಗಿದ್ದಾಳೆ ಎಂದು ನೀನು ಎರಡೂ ಪತ್ರಗಳಲ್ಲಿ ಕೇಳಿದ್ದೆ. ಉತ್ತರ ತಡವಾದದ್ದು ಅದಕ್ಕೇ. ಊಟ, ನಿದ್ದೆ ಎಲ್ಲ ಸರಿಯಾಗಿದೆ. ಎರಡು ತಿಂಗಳಿಂದ, ನಾನು ಅವಳ ತಲೆ ಬಾಚಲು ಕೂತರೆ, ನಿನ್ನ ಹೆಸರು ಹಿಡಿದು ಕರೆದು ಕೆನ್ನೆ ಸವರುತ್ತಾಳೆ. ಆಮೇಲೆ ಬಾಗಿಲ ಕಡೆ ನೋಡಿ, "ನಿಮ್ಮಕ್ಕ ಇನ್ನೂ ಬರ್ಲಿಲ್ವಲ್ಲೇ" ಎನ್ನುತ್ತಾಳೆ. "ಬರ್ತಾಳಮ್ಮ" ಎನ್ನುತ್ತೇನೆ. ಆ ಪುಟದಲ್ಲಾದರೂ ತಾಯಿಗೆ ಗುರುತು ಸಿಗುವ ಹಾಗೆ ಬರೆಯೇ.