ಕೊನೇ ಟ್ರಾಮಿನ ಎರಡನೇ ಸಾಲು

ಅಡಿಲೇಡ್
ಮಂಗಳವಾರ, ಜೂನ್ ೧೭

ಪ್ರೀತಿಯ ರೋಲಿ,

‘ಪ್ರೀತಿಯ’ ಅಂತ ಕೈ ತಾನಾಗಿಯೇ ಬರೆಯಿತು, ಹೊಡೆದುಹಾಕಲು ಹೋಗಲಿಲ್ಲ. ಹೇಗಿದ್ದೀಯ? ಗಂಟಲು ಹೇಗಿದೆ? ಮೆಲ್ಬರ್ನಿನ ಚಳಿಗೆ ಮಫ್ಲರ್ ಸುತ್ತಿಕೊಂಡು, ಜೇನು ಬೆರೆಸಿದ ಬಿಸಿನೀರು ಗುಟುಕರಿಸುತ್ತಾ ಚೆನ್ನಾಗಿಯೇ ಇರುತ್ತೀಯ, ಬಿಡು. ನಾನು ಆರೋಗ್ಯ. ಅಪ್ಪ ಊಟ ಮಾಡುತ್ತಾರೆ, ನಿದ್ದೆ ಮಾಡುತ್ತಾರೆ, ಬಲಗಾಲು ಇನ್ನೂ ಎಳೆಯುತ್ತದೆ. ಫೋನಿನಲ್ಲಿ ಬೈದರೆ “ಅಕ್ಕಾ, ರಿಹರ್ಸಲ್‌ಗೆ ಹೊತ್ತಾಯ್ತು” ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಪೂರ್ತಿ ಓದು.

ಶುಕ್ರವಾರ ರಾತ್ರಿ ನೀನು ಮಾಡಿದ್ದೇನು ಅಂತ ನಿನಗಿನ್ನೂ ಗೊತ್ತಾಗಿಲ್ಲವಲ್ಲ, ಅದಕ್ಕೇ ನನಗೆ ಮೈಯೆಲ್ಲ ಉರಿಯುವುದು. ವಿಮಾನ ಹತ್ತುವ ಮುಂಚೆ ಸಂದೇಶ ಬೇರೆ: “ಎಂಥಾ ರಾತ್ರಿ, ಅಕ್ಕಾ! ಅಪ್ಪನ ಜೊತೆ ಹಾಡ್ದೆ!” ಜೊತೆಗಂತೆ ಜೊತೆಗೆ! ನಮ್ಮ ಪಿಯಾನೋ ಬಾರಿನ ಪದ್ಧತಿ ನಿನಗೇನು ಹೊಸದೇ? ಕ್ಯಾಬರೆ ಉತ್ಸವದ ದೊಡ್ಡ ಪ್ರದರ್ಶನಗಳೆಲ್ಲ ಮುಗಿದ ಮೇಲೆ ಜನ ಗ್ಲಾಸು ಹಿಡಿದು ಪಿಯಾನೋ ನುಡಿಸುವ ನನ್ನ ಸುತ್ತ ಸೇರುತ್ತಾರೆ, ಎಲ್ಲರೂ ಗಂಟಲು ಹರಿಯುವ ಹಾಗೆ ಹಾಡುತ್ತೇವೆ. ಆದರೆ ಕೊನೆಯ ಹಾಡು ಹಾಡಲು ಬಾರದವರದು. ಅವರನ್ನು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂರಿಸುತ್ತೇವೆ. ಮಿಕ್ಕವರ ದನಿ ಅವರ ದನಿಗಿಂತ ಮೇಲೇಳಬಾರದು. ಅವರು ತಪ್ಪಿದರೆ ನಾವೂ ತಪ್ಪುತ್ತೇವೆ, ಅವರು ನಿಂತರೆ ಕಾಯುತ್ತೇವೆ. ಬಾರಿನ ಹಿಂದೆ ಬಿಯರ್ ಸುರಿಯುವ ಆ ಒರಟ ಕ್ಲಾರಿ ಕೂಡ ಆಗ ಗ್ಲಾಸು ಸದ್ದು ಮಾಡುವುದಿಲ್ಲ.

ಪಾರ್ಶ್ವವಾಯು ಹೊಡೆದ ಮೇಲೆ ಅಪ್ಪನ ಬಾಯಿಂದ ಒಂದೇ ಒಂದು ಮಾತು ಬಂದಿರಲಿಲ್ಲ. ಹಸಿವಾದರೆ ತಟ್ಟೆ ತೋರಿಸುವುದು, ಸಿಟ್ಟು ಬಂದರೆ ಚಮಚ ಎಸೆಯುವುದು, ಅಷ್ಟೇ. ಮಾತು ಕಲಿಸಲು ಬರುವ ಟಾಮ್ಸಿನ್ ಒಂದು ದಿನ, “ಮಾತು ಹೋದವ್ರಿಗೂ ಕೆಲವು ಸಲ ಹಾಡು ಉಳಿದಿರುತ್ತೆ. ಅವ್ರು ದಿನಾ ಹಾಡ್ತಿದ್ದದ್ದು ಏನಾದ್ರೂ ಇದ್ಯಾ?” ಅಂದಳು. ಇಲ್ಲದೆ ಏನು! ದಿನವಿಡೀ ಗ್ಲೆನೆಲ್ಗ್ ಕಡಲತೀರಕ್ಕೆ ಟ್ರಾಮ್ ಓಡಿಸಿ ಬಂದು, ಪಾತ್ರೆ ತೊಳೆಯುತ್ತಾ ಹಾಡುತ್ತಿದ್ದ, ಅವರೇ ಕಟ್ಟಿದ ಆ ಹಾಡು. ಅವತ್ತಿನಿಂದ ದಿನವೂ ನುಡಿಸಿದೆ. ಅಪ್ಪ ಬೆರಳು ಕುಟ್ಟಿದರು, ಗುನುಗಿದರು, ಪದ ಮಾತ್ರ ಬರಲಿಲ್ಲ. ಮನೆಯಲ್ಲಿ ಬಾರದ್ದು ಜನರ ನಡುವೆ ಬಂದೀತು ಅಂತ ಸ್ಟೂಲಿನ ಮೇಲೆ ಕೂರಿಸಿದೆ. ನೀನೂ ನೋಡಲಿ ಅಂತ ಕರೆಸಿದವಳೂ ನಾನೇ, ನನ್ನ ಕರ್ಮ.

ಬಂತಲ್ಲೋ ಹಾಡು! “ಕೊನೇ ಟ್ರಾಮು ಹೋಯ್ತು, ನಡೆದೇ ಹೋಗೋಣ ಬಾ...” ಒಡಕು ದನಿ, ಅರ್ಧ ಪದ ನುಂಗಿದ್ದು. ಆದರೆ ಪದ! ಇಡೀ ಬಾರು ಪಿಸುದನಿಯಲ್ಲಿ ಅಪ್ಪನ ಹಿಂದೆ ಹಿಂದೆಯೇ ಬರುತ್ತಿತ್ತು. ಸಾಲು ಮುಗಿಸಿ ಉಸಿರೆಳೆದುಕೊಂಡರು. ಅಷ್ಟರಲ್ಲಿ ನೀನು! ಬಾಗಿಲ ಹತ್ತಿರದಿಂದ, ಒಪೆರಾ ಮಂದಿರದ ಕಟ್ಟಕಡೆಯ ಸಾಲಿಗೆ ಕೇಳಿಸುವ ಗಂಟಲಲ್ಲಿ, “ಬೂಟು ಕೈಲಿ ಹಿಡ್ಕೋ, ಮರಳು ತಣ್ಣಗಿದೆ!” ಜನ ಬೆಚ್ಚಿ ತಿರುಗಿದರು. ಫೋನುಗಳು ಮೇಲೆದ್ದವು. ಅಲ್ಲಿಗಾದರೂ ನಿಲ್ಲಿಸಿದೆಯಾ? ಮೂರನೆಯದು, ನಾಲ್ಕನೆಯದು ಎಲ್ಲ ನೀನೇ ನುಂಗಿದೆ. ಕಣ್ಣು ಮುಚ್ಚಿ ಕೊನೆಯ ಸ್ವರವನ್ನು ಎಳೆದೆ, ಎಳೆದೆ, ಎಳೆದೇ ಎಳೆದೆ. ಚಪ್ಪಾಳೆ, ಶಿಳ್ಳೆ. ಅಪ್ಪನ ಬಾಯಿ ತೆರೆದೇ ಇತ್ತು. ಆಮೇಲೆ ಮುಚ್ಚಿಕೊಂಡಿತು. ಕ್ಲಾರಿ ಬಂದು ನನ್ನ ಕಿವಿಯಲ್ಲಿ, “ನಿನ್ ತಮ್ಮನ ಬಾಯಿಗೆ ಯಾರಾದ್ರೂ ದಿಂಬು ತುರುಕ್ಬಾರ್ದಾ?” ಅಂದ. ನನಗೆ ನಗು ಬರಲಿಲ್ಲ.

“ಪದ ಮರೆತ್ರು ಅನ್ಕೊಂಡೆ, ಸಹಾಯ ಮಾಡ್ದೆ” ಅಂದೆಯಲ್ಲ ಟ್ಯಾಕ್ಸಿಯಲ್ಲಿ? ಉಸಿರೆಳೆದುಕೊಳ್ಳುವುದಕ್ಕೂ ಮರೆಯುವುದಕ್ಕೂ ವ್ಯತ್ಯಾಸ ತಿಳಿಯದ ನೀನೆಂಥಾ ಹಾಡುಗಾರನೋ! ನಾಲ್ಕು ಜನ ಸುಮ್ಮನಿದ್ದರೆ ನಿನಗೆ ತಡೆಯುವುದಿಲ್ಲ. ಶನಿವಾರ ನಾನು ಪಿಯಾನೋ ಮುಟ್ಟಿದ್ದೇ ತಡ, ಅಪ್ಪ ಎದ್ದು ಹೋಗಿ ಗೇಟಿನ ಹತ್ತಿರ ನಿಂತರು, ಆ ಚಳಿಯಲ್ಲಿ, ಕೋಟೂ ಇಲ್ಲದೆ. ಭಾನುವಾರವೂ ಹಾಗೇ. ನಿನ್ನೆಯೂ ಹಾಗೇ. ಪಿಯಾನೋ ಕಂಡರೇ ಆಗುವುದಿಲ್ಲ ಅವರಿಗೆ ಈಗ. ನಾನು ಅಳುವವಳಲ್ಲ, ನಿನಗೆ ಗೊತ್ತು. ನಿನ್ನೆ ಅತ್ತುಬಿಟ್ಟೆ, ಸಿಟ್ಟಿಗೆ.

ಇಷ್ಟು ಬರೆದರೂ ಸಿಟ್ಟು ಇಳಿದಿಲ್ಲ. ಉತ್ತರ ಬರೆಯಬೇಕೆನಿಸಿದರೆ ಬರಿ, ಇಲ್ಲದಿದ್ದರೆ ಬಿಡು. ದೇವರು ನಿನಗೆ ಒಳ್ಳೆಯದು ಮಾಡಲಿ, ಜೊತೆಗೆ ಒಂದಿಷ್ಟು ಬುದ್ಧಿಯನ್ನೂ ಕೊಡಲಿ.

ನಿನ್ನ ಅಕ್ಕ,
ವೆರ್ನಾ

ತಾ.ಕ.: ಅಂಟಿಸಿದ ಲಕೋಟೆ ಹರಿದು ಬರೆಯುತ್ತಿದ್ದೇನೆ. ಈಗಷ್ಟೇ ಅಪ್ಪ ಸಿಂಕಿನ ಮುಂದೆ ಕಪ್ಪು ತೊಳೆಯುತ್ತಾ ಹಾಡಿದರು ಕಣೋ! ಮೊದಲ ಸಾಲು, ಪೂರ್ತಿ. ಆಮೇಲೆ ನಿಲ್ಲಿಸಿ ಬಾಗಿಲ ಕಡೆ ನೋಡಿದರು. ಎರಡನೆಯದನ್ನು ನಾನು ಹಾಡಿದೆ. ಅಲ್ಲ ಅಂತ ತಲೆಯಾಡಿಸಿದರು. ಮತ್ತೆ ಮೊದಲಿನಿಂದ ಹಾಡಿ ಅಲ್ಲೇ ನಿಲ್ಲಿಸಿದರು, ಮತ್ತೆ ಬಾಗಿಲು ನೋಡಿದರು. ಆಗ ಹೊಳೆಯಿತು. ಚಿಕ್ಕವನಿದ್ದಾಗ, ಅಪ್ಪ ಮೊದಲ ಸಾಲು ಹಾಡಿ ನಿಲ್ಲಿಸಿದರೆ, ಸ್ನಾನದ ತೊಟ್ಟಿಯಲ್ಲಿ ಕೂತು ಎರಡನೇ ಸಾಲು ಕಿರುಚುತ್ತಿದ್ದವನು ನೀನು. ನಾವಿಬ್ಬರೂ ಮರೆತಿದ್ದೆವು. “ರೋಲಿ ಬರ್ಬೇಕಾ?” ಅಂದೆ. ಒದ್ದೆ ಕೈಯಲ್ಲೇ ನನ್ನ ಕೆನ್ನೆ ತಟ್ಟಿದರು. ಗೇಟಿಗೆ ಹೋಗಿ ನಿಲ್ಲುತ್ತಿದ್ದದ್ದೂ ನಿನಗಾಗಿಯೇ. ಶನಿವಾರ ಉತ್ಸವದ ಕೊನೆಯ ರಾತ್ರಿ. ಬಾ. ಬಾಗಿಲ ಹತ್ತಿರವೇ ನಿಲ್ಲು. ಎರಡನೇ ಸಾಲು ಹಾಡು, ಅಪ್ಪನಿಗಿಂತ ಮೆಲ್ಲಗೆ. ಮೂರನೆಯದು ಅವರದು, ಎಷ್ಟು ಹೊತ್ತಾದರೂ ಸರಿ, ಬಾಯಿ ಮುಚ್ಚಿಕೊಂಡು ಕಾಯಿ.