ಏಳನೇ ಟೇಬಲ್ಲಿಗೆ ಟೀವಿ ಬೇಡ

ಮಾರ್ಚ್ ೪, ಮಧ್ಯಾಹ್ನ

ಆತ್ಮಸಾಕ್ಷಿಯೊಂದನ್ನೇ ಸಾಕ್ಷಿಯಾಗಿಟ್ಟುಕೊಂಡು ತಪ್ಪೊಪ್ಪಿಗೆ: ಇಂದು ಒಂದೂ ಇಪ್ಪತ್ತಕ್ಕೆ, ಆಫೀಸಿನ ಎದುರಿನ ಹೋಟೆಲಿನಲ್ಲಿ, ತುಂಬಿದ ಜನರ ನಡುವೆ ಒಂದು ಟೀವಿಯನ್ನು ಕೊಂದೆ. ಆಯುಧ — ಎಲ್ಲ ಕಂಪನಿಯ ಟೀವಿಗೂ ಒಗ್ಗುವ ರಿಮೋಟ್, ಕರವಸ್ತ್ರದ ಮರೆಯಲ್ಲಿ. ಪಶ್ಚಾತ್ತಾಪವಿಲ್ಲ. ಸುದ್ದಿ ಓದುವವನು ಕಿರುಚುತ್ತಿದ್ದ. ಎದುರು ಕೂತವನು ಬಾಯಿ ತೆರೆದು ಅಗಿಯುತ್ತಾ ಅವನನ್ನೇ ನೋಡುತ್ತಿದ್ದ. ಅಗಿದದ್ದೆಲ್ಲ ನನಗೆ ದರ್ಶನ. ಥೂ. ಟೀವಿ ಸತ್ತ ಮೇಲೂ ಐದು ನಿಮಿಷ ಕಪ್ಪು ಪರದೆಯನ್ನೇ ನೋಡಿದ, ಪುಣ್ಯಾತ್ಮ.

ಮಾರ್ಚ್ ೭

ಅಕ್ಕನ ಗಂಡ — ಭಾವ — ರೆಸ್ಟೊರೆಂಟ್ ತೆರೆಯುತ್ತಿದ್ದಾರೆ. ಸೌಂಡು, ಲೈಟು, ವಿಡಿಯೋ ಮೂರನ್ನೂ ನಾನೇ ಪ್ಲಾನ್ ಮಾಡಬೇಕು, ಕಸುಬೇ ಅದು. ಜಾಗ ನೋಡಿ ಬಂದೆ. ಮೊದಲು ಇದ್ದದ್ದೂ ಹೋಟೆಲೇ. ಗಾಜು, ಟೈಲ್ಸು, ಒಂದು ಚಪ್ಪಾಳೆ ಹೊಡೆದರೆ ಮೂರು ವಾಪಸ್. ಸೀಲಿಂಗಿನ ಹಳೇ ಸ್ಪೀಕರ್ ಬಿಚ್ಚಿದೆ. ಎಣ್ಣೆಜಿಡ್ಡಿನಲ್ಲಿ ಜಿರಲೆಯ ಕಾಲುಗಳು. ಕಾಲು ಮಾತ್ರ. ಉಳಿದದ್ದು ಯಾರ ತಟ್ಟೆಗೆ ಬಿತ್ತೋ...

ಭಾವನ ಪಟ್ಟಿ: ಹನ್ನೊಂದು ಟೀವಿ. ಬಣ್ಣ ಬದಲಾಯಿಸುವ ದೀಪ. ಟಾಯ್ಲೆಟ್ಟಿನಲ್ಲೂ ಸ್ಪೀಕರ್. ಇದು ಬೆಳಕಿನ ವ್ಯವಸ್ಥೆಯಲ್ಲ ಭಾವ, ಅವಸ್ಥೆ ಎಂದೆ. ನಕ್ಕರು. ಹನ್ನೊಂದು ಹನ್ನೊಂದಾಗಿಯೇ ಉಳಿಯಿತು.

ಮಾರ್ಚ್ ೮

ಅಪ್ಪನದೇ ಯೋಚನೆ. ಅವರ ಕಿವಿಯ ಯಂತ್ರಕ್ಕೆ ಭೇದಭಾವವಿಲ್ಲ — ತಟ್ಟೆ, ಚಮಚ, ಫ್ಯಾನು, ಹಾಡು, ಎಲ್ಲವನ್ನೂ ಸಮಾನವಾಗಿ ದೊಡ್ಡದು ಮಾಡುತ್ತದೆ. ಮಾತು ಮಾತ್ರ ಅದರಲ್ಲಿ ಕೊಚ್ಚಿಹೋಗುತ್ತದೆ. ಆಗ ಅಪ್ಪ ಅದನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾರೆ. ಸಂಸಾರಕ್ಕೆ ರಾಜೀನಾಮೆ ಕೊಟ್ಟ ಹಾಗೆ. ಆಮೇಲೆ ಎಲ್ಲದಕ್ಕೂ 'ಹೂಂ'. ಮನೆಯಲ್ಲಿ ನನ್ನವಳ ಧಾರಾವಾಹಿ, ಅಕ್ಕನ ಮನೆಯಲ್ಲಿ ಭಾವನ ಸುದ್ದಿ. ಎರಡು ವರ್ಷದಿಂದ ಅಪ್ಪನ ಜೊತೆ ನೆಟ್ಟಗೆ ಒಂದು ಮಾತಾಡಿಲ್ಲ. ಎಲ್ಲ ಈ ಹಾಳು ಗದ್ದಲದಿಂದ.

ಭಾವನ ರೆಸ್ಟೊರೆಂಟಿನ ನಕ್ಷೆಯಲ್ಲಿ ಮೂಲೆಯ ಏಳನೇ ಟೇಬಲ್ ಅಪ್ಪನಿಗೆಂದೇ ಗುರುತು ಹಾಕಿದೆ. ತಲೆಯ ಮೇಲೆ ಸ್ಪೀಕರ್ ಇಲ್ಲ. ಗೋಡೆಗೆ ಶಬ್ದ ಹೀರುವ ದಪ್ಪ ಬಟ್ಟೆಯ ಹಲಗೆ. ತುಟಿ ಕಾಣುವಂತೆ ಎದುರಿನವರ ಮುಖಕ್ಕೆ ಒಂದೇ ಬಣ್ಣದ ದೀಪ. ಟೀವಿ — ಸುತರಾಂ ಇಲ್ಲ.

ಮಾರ್ಚ್ ೧೯

ಏಳನೇ ಟೇಬಲ್ಲಿನ ಗೋಡೆಗೇ ಭಾವ ಹನ್ನೊಂದನೇ ಟೀವಿ ಜಡಿಸಿದ್ದಾರೆ! ನನ್ನನ್ನು ಕೇಳದೆ. ಕೇಳಿದರೆ ಬೇಡವೆನ್ನುತ್ತಾನೆಂದು ಗೊತ್ತಿತ್ತಂತೆ.

ಸಿಟ್ಟಿಗೆ ಅವರ ನೀಲಿ ದೀಪ ಹಾಕಿ ಒಂದು ತಟ್ಟೆ ಅನ್ನ ಇಟ್ಟು ತೋರಿಸಿದೆ. ನಾಲ್ಕು ದಿನ ಕೆರೆಯಲ್ಲಿದ್ದ ಹೆಣದ ಬಣ್ಣ. ಹುಡುಗರು ಫೋಟೋ ತೆಗೆಯಲು ಬರುತ್ತಾರೆ, ತಿನ್ನುವುದು ನೆಪ ಎಂದರು ಭಾವ. ಹಾಗಾದರೆ ಮಾತಾಡಲು ಬರುವವರು?

"ಮಾತಾಡೋಕೆ ಯಾರೂ ಹೋಟ್ಲಿಗೆ ಬರಲ್ಲ ಕಣೋ. ಮಾತಾಡದೆ ಇರೋಕೆ ಬರ್ತಾರೆ. ಅದಕ್ಕೇ ಟೀವಿ."

ಕೊನೆಗೆ ಪಂದ್ಯ. ಟ್ರಯಲ್ ಊಟದ ದಿನ ನಾನೂ ಅಪ್ಪನೂ ಏಳರಲ್ಲಿ ಕೂರುವುದು. ಊಟ ಮುಗಿಯುವವರೆಗೂ ಆ ಟೀವಿ ಆರಿಯೇ ಇದ್ದರೆ ಬಿಚ್ಚಿಸುತ್ತಾರೆ. ನಮ್ಮಿಬ್ಬರಲ್ಲಿ ಯಾರೇ ಹಾಕಿಸಿದರೂ ಅದು ಅಲ್ಲೇ ಖಾಯಂ. ಅಲ್ಲಿಗೆ ಅಪ್ಪನ ಮೂಲೆ ಮುಗಿದ ಹಾಗೆ. ಟೀವಿ ಇಲ್ಲದೆ ಒಂದು ತುತ್ತು ನುಂಗಬಲ್ಲ ಕೊನೆಯ ಮನುಷ್ಯನ ಜೊತೆ ಪಂದ್ಯ ಕಟ್ಟಿದ್ದಾರೆ, ಪಾಪ.

ಏಪ್ರಿಲ್ ೨

ಏಳರದ್ದು ಬಿಟ್ಟು ಉಳಿದ ಟೀವಿಗಳನ್ನೆಲ್ಲ ಹಾಕಿ ಗದ್ದಲ ಅಳೆದೆ. ಉಳಿದ ಟೇಬಲ್ಲುಗಳಲ್ಲಿ ಎಪ್ಪತ್ತೆಂಟು ಡೆಸಿಬೆಲ್. ಏಳರಲ್ಲಿ ಐವತ್ತೆರಡು! ಮಿಕ್ಸರ್ ಒಳಗೆ ದೇವರಮನೆ ಕಟ್ಟಿದ್ದೇನೆ. ನಾಳೆ ಊಟ.

ಏಪ್ರಿಲ್ ೯

ಆರು ದಿನ ಬರೆಯಲಿಲ್ಲ. ಕೆಲಸವಿತ್ತು — ಸುಳ್ಳು. ಇರಲಿಲ್ಲ.

ಊಟದ ದಿನ ಅಪ್ಪ ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದಿದ್ದರು. ಕೂತು, ತಲೆ ವಾರೆ ಮಾಡಿ ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಒಳಗೆ ಅಡುಗೆಯವನು ಸೀನಿದ್ದೂ ಕೇಳಿಸಿತಂತೆ. ಅವರ ಮುಖ ಹಾಗೆ ಅರಳಿದ್ದು ನೋಡಿ ವರ್ಷಗಳಾಗಿತ್ತು.

"ಎಲ್ಲಾ ಕೇಳಿಸ್ತಿದೆ ಕಣೋ. ಹೇಳು, ಹೇಗಿದ್ದೀಯ?"

ಹಲಗೆ ಎಷ್ಟು ದಪ್ಪ ಎಂದು ಹೇಳಿದೆ. ದೀಪದ ವಿಷಯ ಹೇಳಿದೆ. ಅದು ಸರಿ, ನೀನು ಹೇಗಿದ್ದೀಯ ಎಂದು ಮತ್ತೆ ಕೇಳಿದರು. ಎರಡು ವರ್ಷದಿಂದ ಈ ಪ್ರಶ್ನೆಗೆ ಗದ್ದಲವೇ ನನ್ನ ಪರವಾಗಿ ಉತ್ತರ ಕೊಡುತ್ತಿತ್ತು. ಒಂದು ದೊಡ್ಡ ತುತ್ತು ಬಾಯಿಗೆ ತುಂಬಿಕೊಂಡೆ. ಅಪ್ಪ ಊಟ ಬಿಟ್ಟು ಕಾಯುತ್ತಿದ್ದರು. ನಾನು ಅಗಿಯುವ ಸದ್ದು ನನಗೇ ಕೇಳುತ್ತಿತ್ತು — ಪಚಪಚ — ನುಂಗಿದ್ದೂ ಕೇಳಿತು. ಅಸಹ್ಯ. ಒಂದು ನಿಮಿಷ. ಎರಡು. ಕರವಸ್ತ್ರ ತೆಗೆದೆ. ಅದರೊಳಗೆ ರಿಮೋಟ್...

ಸುದ್ದಿಯವನು ಕಿರುಚತೊಡಗಿದ. ಆಹಾ, ಏನು ನೆಮ್ಮದಿ. ನಾನೂ ಬಾಯಿ ತೆರೆದುಕೊಂಡೇ ನೋಡುತ್ತಿದ್ದಿರಬೇಕು.

ಭಾವ ಓಡಿ ಬಂದು, ಟೀವಿಯ ಸದ್ದು ಅಡಗಿಸಿ, ಯಾರು ಹಾಕಿದ್ದು ಎಂದರು. ಎದ್ದು, ಭಾವನ ಕಿವಿಯ ಹತ್ತಿರ ಬಾಗಿ, ಪಿಸುಗುಟ್ಟಿದೆ:

"ಅಪ್ಪನಿಗೆ ಬೇಕಂತೆ."

ಪಿಸುಮಾತೂ ಕೇಳುವ ಮೂಲೆ. ಅಳೆದು, ಸುರಿದು, ನಾನೇ ಕಟ್ಟಿದ್ದು. ಯಂತ್ರ ಇನ್ನೂ ಅಪ್ಪನ ಕಿವಿಯಲ್ಲೇ ಇತ್ತು. ನನ್ನನ್ನು ನೋಡಿದರು. ಭಾವನನ್ನು ನೋಡಿದರು.

"ಹೌದಪ್ಪ," ಎಂದರು. "ನಾನೇ ಕೇಳಿದ್ದು."

ಆಮೇಲೆ ಯಂತ್ರವನ್ನು ಮೆಲ್ಲಗೆ ಕಿತ್ತು, ಒರೆಸಿ, ಜೇಬಿಗೆ —